ಪೂರ್ತಿ ಆಫ್ ಐತಾ?

ಮೋಟಾರಿನ ಹೊಟ್ಟೆಯಲ್ಲಿ ಏನು ಕೆಟ್ಟಿದೆ ಎಂದು ಬಿಚ್ಚದೆ ಹೇಳುವುದು ನನ್ನ ಹಳೇ ಚಟ. ಹರಿಹರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ನಂದಿಗುಡಿ ಕಡೆಯ ಗದ್ದೆಯವರು ಪಂಪ್‌ಸೆಟ್ ತರುತ್ತಾರೆ, ಗುತ್ತೂರಿನ ಕಾರ್ಖಾನೆಗಳವರು ದೊಡ್ಡ ಮೋಟಾರು ತರುತ್ತಾರೆ. ಓಡುವ ಸ್ಥಿತಿಯಲ್ಲಿದ್ದರೆ ಓಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತೇನೆ. ಬೇರಿಂಗ್ ಹೋಗಿದ್ದರೆ ಒಂದು ಸದ್ದು, ಶಾಫ್ಟ್ ಸೊಟ್ಟಗಾಗಿದ್ದರೆ ಇನ್ನೊಂದು. "ಹಿಂದಿನ ಬೇರಿಂಗು" ಎಂದು ಮೊದಲೇ ಹೇಳಿ, ಆಮೇಲೆ ಬಿಚ್ಚಿ ತೋರಿಸುವುದರಲ್ಲಿ ನನಗೊಂದು ಗತ್ತು. ಮಧ್ಯಾಹ್ನ ಬುತ್ತಿ ತರುತ್ತಿದ್ದ ನನ್ನ ಹೆಂಡತಿ ಮದುವೆಯಾದಾಗಿನಿಂದ ಅಂಗಡಿ ಬಾಗಿಲಲ್ಲಿ ನಿಂತು ಇದನ್ನು ನೋಡಿದವಳು. "ನಿಮ್ಮ ಯಜಮಾನ್ರಿಗೆ ಒಳಗಿಂದೆಲ್ಲ ಕೇಳ್ತೈತೆ ಬಿಡ್ರಮ್ಮ" ಎಂದು ರೈತರು ಹೊಗಳಿದರೆ ಅವಳ ಮುಖ ಅರಳುತ್ತಿತ್ತು. ಅವರ ಮಾತನ್ನು ಅವಳು ಎಷ್ಟು ನಂಬಿದ್ದಳು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಅವಳ ಬಲಗೈ ನಡುಗಲು ಶುರುವಾದದ್ದು ರೊಟ್ಟಿ ಬಡಿಯುವಾಗ. ಚಂದ್ರನ ಹಾಗೆ ದುಂಡಗೆ ಬರುತ್ತಿದ್ದ ರೊಟ್ಟಿ ಅಂಚಿನಲ್ಲಿ ಹರಿಯತೊಡಗಿತು. ಹಿಟ್ಟು ಹಳೇದು ಎಂದಳು. ಹೊಸ ಜೋಳ ಬೀಸಿಸಿಕೊಂಡು ಬಂದೆ, ಅದೂ ಹರಿಯಿತು. ದಾವಣಗೆರೆಯ ಡಾಕ್ಟರು ಪಾರ್ಕಿನ್ಸನ್ ಎಂದರು. ಕೆಲವು ವರ್ಷ ಗುಳಿಗೆಯಲ್ಲಿ ನಡೆಯಿತು, ಆಮೇಲೆ ಗುಳಿಗೆಯೂ ನಡುದಾರಿಯಲ್ಲಿ ಕೈಕೊಟ್ಟಿತು. ತುತ್ತು ಬಾಯಿ ಮುಟ್ಟುವಷ್ಟರಲ್ಲಿ ಅನ್ನ ಮಡಿಲಿಗೆ ಬೀಳುತ್ತಿತ್ತು. ಮನೆಗೆ ಯಾರಾದರೂ ಬಂದರೆ ಹಸಿವಿಲ್ಲ ಎಂದು ಊಟಕ್ಕೇ ಕೂಡುತ್ತಿರಲಿಲ್ಲ. ಹತ್ತು ಜನರಿಗೆ ಬಡಿಸಿ ಉಣಿಸಿದವಳು ಗೋಡೆಗೆ ಮುಖ ಮಾಡಿ ಉಣ್ಣತೊಡಗಿದಳು.

ಕಡೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮಿದುಳಿಗೆ ತಂತಿ ಹಾಕಿಸುವುದೆಂದು ತೀರ್ಮಾನವಾಯಿತು. ತಲೆಬುರುಡೆಗೆ ತೂತು ಮಾಡಿ ಎರಡು ಸಣ್ಣ ತಂತಿ ಇಳಿಸುತ್ತಾರೆ. ಅವು ಕಿವಿಯ ಹಿಂದೆ ಚರ್ಮದಡಿ ಹಾದು ಬಂದು ಎದೆಯಲ್ಲಿ, ಕೊರಳೆಲುಬಿನ ಕೆಳಗೆ ಹುದುಗಿಸಿದ ಬ್ಯಾಟರಿಗೆ ಸೇರುತ್ತವೆ. ಕರೆಂಟ್ ಹರಿದರೆ ನಡುಕ ನಿಲ್ಲುತ್ತದೆ, ಅಷ್ಟೇ. ನನಗೆ ಇದು ಅರ್ಥವಾಗದ ವಿಷಯವೇನಲ್ಲ. "ವೈರಿಂಗ್ ಚಲೋ ಮಾಡ್ಯಾರ" ಎಂದೆ. ದಾವಣಗೆರೆಗೇ ಕೊಟ್ಟಿರುವ ನಮ್ಮ ಒಬ್ಬಳೇ ಮಗಳು ಅಳುತ್ತಿದ್ದವಳು ನಕ್ಕುಬಿಟ್ಟಳು.

ಆಪರೇಷನ್ನಿಗೆ ಮೊದಲಿನ ವಾರವೇ ಟೀವಿಯವನೊಬ್ಬ ಅರಚಿಕೊಳ್ಳಬೇಕೆ? ಮಿದುಳಿಗೆ ಚಿಪ್ ಹಾಕುತ್ತಾರಂತೆ, ಮನಸ್ಸಿನಲ್ಲಿ ಅಂದುಕೊಂಡದ್ದು ಕಂಪ್ಯೂಟರಿನ ಮೇಲೆ ಬರುತ್ತದಂತೆ, ಇನ್ನು ಗುಟ್ಟು ಎಂಬುದೇ ಇರುವುದಿಲ್ಲವಂತೆ. ಕೆಂಪು ಅಕ್ಷರ, ಢಮಢಮ ಸದ್ದು. ಅವಳು ಅವರೆಕಾಯಿ ಬಿಡಿಸುತ್ತ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾನು ಅಂಗಡಿಗೆ ಹೊರಟಿದ್ದೆ. ಅದು ಬೇರೆ, ನಮ್ಮದು ಬೇರೆ ಎಂದು ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಗಾಯ ಮಾಗಿದ ಮೇಲೆ ಕರೆಂಟ್ ಕೊಡುವ ದಿನ ಮತ್ತೆ ಹೋದೆವು. ಡಾಕ್ಟರು ಕೈಯಲ್ಲಿ ಸ್ಲೇಟಿನಂಥದ್ದೊಂದು ಯಂತ್ರ ಹಿಡಿದು ಬೆರಳಾಡಿಸಿದರು. ಅವಳ ಕೈ ಮೆಲ್ಲಗೆ, ಗಾಳಿ ನಿಂತ ಎಲೆಯ ಹಾಗೆ, ತೊಡೆಯ ಮೇಲೆ ಸುಮ್ಮನಾಯಿತು. ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಕಣ್ಣೀರು ಇಳಿಯಿತು. ಡಾಕ್ಟರು ಯಂತ್ರದಿಂದ ಕಣ್ಣು ತೆಗೆಯದೆಯೇ "ಮನೆ ನೆನಪಾಗ್ತಿದೆಯಾ ಅಮ್ಮಾ?" ಎಂದು ಕೇಳಿದರು. ಅವಳು ಬೆಚ್ಚಿಬಿದ್ದು ನನ್ನನ್ನು ನೋಡಿದಳು. ಅವಳು ಆಗ ನೆನೆಸಿಕೊಂಡದ್ದು ನಮ್ಮ ಅಡುಗೆಮನೆಯನ್ನೇ ಅಂತೆ, ಬಹಳ ದಿನಗಳ ಮೇಲೆ ಹೇಳಿದಳು.

ನಮಗೂ ಒಂದು ರಿಮೋಟ್ ಕೊಟ್ಟರು. ಮೊಬೈಲಿನಷ್ಟು ಅಗಲ. ಅದನ್ನು ಎದೆಯ ಬ್ಯಾಟರಿಯ ಮೇಲೆ ಹಿಡಿದರೆ ಬ್ಯಾಟರಿ ಎಷ್ಟಿದೆ, ಆನ್ ಇದೆಯೋ ಆಫ್ ಇದೆಯೋ ಎಂದು ತೋರಿಸುತ್ತದೆ. ದಿನಾ ನೋಡಬೇಕೆಂದು ಯಾರೂ ಹೇಳಿರಲಿಲ್ಲ. ಆದರೆ ನನ್ನ ಕೈಗೆ ಇಂಥದ್ದೊಂದು ಸಿಕ್ಕ ಮೇಲೆ ಸುಮ್ಮನಿರುವುದುಂಟೆ? ಬೆಳಿಗ್ಗೆ ಚಹಾ ಆದ ಕೂಡಲೇ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಎದೆಗೆ ಅದನ್ನು ಆನಿಸಿ, ಕನ್ನಡಕ ಏರಿಸಿಕೊಂಡು ನೋಡುತ್ತಿದ್ದೆ. "ಹ್ಞೂಂ, ಸರಿ ಐತೆ" ಎನ್ನುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ "ಓಂ ನಮಃ ಶಿವಾಯ" ಎನ್ನುತ್ತಿದ್ದಳು. ಭಕ್ತಿ ಹೆಚ್ಚಾಗಿದೆ, ಮರುಜನ್ಮ ಪಡೆದವರಿಗೆ ಆಗಲೇಬೇಕಲ್ಲ ಎಂದುಕೊಂಡೆ.

ಕೈ ಮರಳಿ ಬಂತು, ಮಾತು ಹೋಯಿತು. ರೊಟ್ಟಿ ಮತ್ತೆ ದುಂಡಗಾದವು. ಆದರೆ ಒಲೆಯ ಮುಂದೆ ಕೂತು ಓಣಿಯ ಸುದ್ದಿಯೆಲ್ಲ ಹೇಳುತ್ತಿದ್ದವಳು, ನನ್ನ ಗೊರಕೆಯನ್ನು ಅಣಕಿಸಿ ಬೀಗರನ್ನು ನಗಿಸುತ್ತಿದ್ದವಳು ನಾನು ಒಳಗೆ ಬಂದರೆ ಬಾಯಿ ಹೊಲಿದುಕೊಂಡ ಹಾಗೆ ಕೂಡುತ್ತಿದ್ದಳು. ರಿಮೋಟ್ ಸದಾ ನನ್ನ ಅಂಗಿ ಜೇಬಿನಲ್ಲೇ ಇರುತ್ತಿತ್ತು. ನಾನು ಹತ್ತಿರ ಹೋದರೆ ಸಾಕು, ತುಟಿಯಲ್ಲಿ ಶಿವನಾಮ. ಈ ಆಪರೇಷನ್ನಿನಿಂದ ಕೆಲವರಿಗೆ ದನಿ ಕುಗ್ಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದೇ ಇರಬೇಕು ಎಂದು ನುಂಗಿಕೊಂಡೆ. ಒಂದೊಂದು ಸಲ ಸಿಟ್ಟು ನೆತ್ತಿಗೇರಿ "ಏನಾರ ಮಾತಾಡೇ, ಗೋಡೆ ಜೊತೆ ಸಂಸಾರ ಮಾಡಿದಂಗಾಗೈತೆ" ಎಂದು ಕೂಗುತ್ತಿದ್ದೆ. ಅವಳು ಇನ್ನಷ್ಟು ಬಿಗಿಯಾಗಿ ಕಣ್ಣು ಮುಚ್ಚುತ್ತಿದ್ದಳು. ಮನೆಯಲ್ಲಿ ಇಬ್ಬರಿದ್ದೂ ನಾನು ಒಬ್ಬಂಟಿಯಾಗಿದ್ದೆ.

ಒಂದು ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಅಜ್ಜಯ್ಯನ ಗುಡಿಗೆ ಹೋಗಬೇಕೆಂದು ಹಠ ಹಿಡಿದಳು. ಹೋದೆವು. ಹೊಳೆಯಲ್ಲಿ ಮಿಂದು ಬಂದ ಜನ, ಮೈಮೇಲೆ ಬಂದವರ ಕೂಗಾಟ, ತಳ್ಳಾಟ. ಗುಡಿಯ ಬಾಗಿಲಿಗೆ ಬಂದಾಗ ನನ್ನನ್ನು ತಡೆದಳು. "ನೀವು ಹೊಳೆ ಹತ್ರ ಕೂಡ್ರಿ. ಚೀಲಾನೂ ಆ ರಿಮೋಟೂ ನಿಮ್ಮ ಹತ್ರನೇ ಇರ್ಲಿ" ಎಂದು ಒಬ್ಬಳೇ ಒಳಗೆ ಹೋದಳು. ಬಹಳ ಹೊತ್ತಾದ ಮೇಲೆ ಬಂದು, ತಂದ ವಿಭೂತಿಯನ್ನು ತನ್ನ ಹಣೆಗಿಟ್ಟುಕೊಳ್ಳದೆ ನನ್ನ ಹಣೆಯುದ್ದಕ್ಕೂ ಎಳೆದಳು. "ಏನು ಬೇಡ್ಕೊಂಡೆ?" ಎಂದೆ. ಹೊಳೆಯ ಕಡೆ ಮುಖ ತಿರುಗಿಸಿದಳು. ತನ್ನ ದನಿ ಮರಳಿ ಬರಲಿ ಎಂದು ಕೇಳಿಕೊಂಡಿರುತ್ತಾಳೆ ಎಂದು ನಾನು ಬಸ್ಸಿನಲ್ಲಿ ಅವಳ ಪಕ್ಕ ಕೂತು ಖುಷಿಪಟ್ಟೆ.

ಅದಾಗಿ ಮೂರನೇ ಮಳೆಗಾಲಕ್ಕೆ ಅವಳಿಗೆ ಕೆಮ್ಮು ಹತ್ತಿತು, ಉಸಿರು ಸಿಕ್ಕಿಕೊಳ್ಳತೊಡಗಿತು. ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಸಿಜಿ ತೆಗೆಯುವ ನರ್ಸಮ್ಮ, ಎದೆಯ ಮಿಷನ್ನಿನಿಂದ ಗೆರೆಯೆಲ್ಲ ಗಜಿಬಿಜಿ ಬರುತ್ತಿದೆ, ಸ್ವಲ್ಪ ಹೊತ್ತು ಆಫ್ ಮಾಡ್ರಿ ಎಂದಳು. ರಿಮೋಟ್ ಆನಿಸಿ ಆಫ್ ಮಾಡಿದೆ. ಕರೆಂಟ್ ಕೊಟ್ಟಮೇಲೆ ಅದೇ ಮೊದಲು ಅದು ನಿಂತದ್ದು. ಇಸಿಜಿ ತೆಗೆದು ನರ್ಸಮ್ಮ ಕಾಗದ ಹರಿದುಕೊಂಡು ಹೋಗುವಷ್ಟರಲ್ಲಿ ಹಳೇ ನಡುಕ ಬೆರಳ ತುದಿಗೆ ಬಂದಿತ್ತು. ಮತ್ತೆ ಆನ್ ಮಾಡಲು ಬಗ್ಗಿದೆ. ನಡುಗುವ ಆ ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತು.

"ತಡೀರಿ. ಈಗ ಆಫ್ ಐತಾ?"

"ಹ್ಞೂಂ."

"ಪೂರ್ತಿ ಆಫ್ ಐತಾ?"

"ಪೂರ್ತಿ ಐತೆ. ಯಾಕ?"

ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನನ್ನೇ ನೋಡಿ, ಒಂದೇ ಉಸಿರಿಗೆ ಹೇಳಿದಳು. "ಬೈಬ್ಯಾಡ್ರಿ. ನನಗಿಂತ ನೀವೇ ಮೊದ್ಲು ಹೋಗ್ಬೇಕು ಅಂತ ಬೇಡ್ಕೊಂಡೀನ್ರಿ. ಅಜ್ಜಯ್ಯನ ಮುಂದೆ ನಿಂತು ಬೇಡ್ಕೊಂಡೀನಿ. ದಿನಾ ಅದೇ ನೆಪ್ಪು ಬರ್ತೈತೆ. ನಿಮ್ಮ ರಿಮೋಟಿನಾಗೆ ಕಂಡುಬಿಟ್ರೆ ಹೆಂಗೆ ಅಂತ ಶಿವಶಿವಾ ಅಂತ ಮುಚ್ಚಿ ಇಟ್ಟೀನಿ."

ನಮ್ಮಲ್ಲಿ ಹೆಂಗಸರು ದೇವರನ್ನು ಕೇಳುವುದು ಇದರ ತಿರುಗಾಮುರುಗಾ. ಗಂಡನ ಮುಂದೆ, ಹಣೆಯ ಕುಂಕುಮ ಅಳಿಯುವ ಮೊದಲು, ಮುತ್ತೈದೆಯಾಗಿ ಹೋಗಬೇಕು ಅನ್ನುತ್ತಾರೆ. ಇವಳು ವಿಧವೆಯಾಗಲು ಹರಕೆ ಹೊತ್ತಿದ್ದಳು! ನನಗೆ ಮೊದಲು ನಗು ಬಂತು.

"ಯಾಕೇ, ಅಷ್ಟು ಬ್ಯಾಸರಾಗೀನಾ ನಾನು?"

"ನಗಬ್ಯಾಡ್ರಿ. ನಾ ಹೋದ್ರೆ ನಿಮಗೆ ಯಾರದಾರ? ಒಂದು ಚಾ ಕಾಸ್ಕೊಂಡು ಕುಡಿದೋರಲ್ಲ. ನಿಮ್ಮ ಸಿಟ್ಟಿಗೆ ಮಗಳ ಮನ್ಯಾಗೂ ನಾಕು ದಿನ ನಿಲ್ಲೋರಲ್ಲ. ಉಪ್ಪಿನ ಡಬ್ಬಿ ಎಲ್ಲೈತೆ ಅಂತನಾರ ಗೊತ್ತೈತಾ ನಿಮಗ?"

ಗೊತ್ತಿರಲಿಲ್ಲ. ಆಮೇಲೆ ಬಂದದ್ದು ಸಿಟ್ಟು. ಹರಕೆಯ ಮೇಲಲ್ಲ, ಟೀವಿಯವನ ಮೇಲೆ, ಡಾಕ್ಟರ ಬಾಯಿಗೆ ಬಂದ ಒಂದು ಮಾತಿನ ಮೇಲೆ, ನನ್ನ ಸ್ಕ್ರೂಡ್ರೈವರಿನ ಮೇಲೆ. ನನ್ನ ಪಕ್ಕದಲ್ಲೇ ಮಲಗಿ ಇವಳು ತನ್ನ ಮನಸ್ಸಿಗೆ ತಾನೇ ಕಾವಲು ಕೂತಿದ್ದಳು. ಕಳ್ಳರ ಹಾಗೆ ತನ್ನ ತಲೆಯೊಳಗೇ ಅಡಗಿಕೊಂಡು ಬದುಕಿದ್ದಳು. ರಿಮೋಟನ್ನು ಅವಳ ಎದೆಗೆ ಆನಿಸಿ, ಅದರ ಮುಖವನ್ನು ಅವಳ ಕಡೆ ತಿರುಗಿಸಿದೆ. ಒಂದು ಬ್ಯಾಟರಿಯ ಚಿತ್ರ, ಆನ್ ಆಫ್ ಗುರುತು. "ನೋಡು, ಇದರಾಗೆ ಕಾಣೋದು ಇಷ್ಟೇ. ಮನಸ್ಸು ಗಿನಸ್ಸು ಏನೂ ಕಾಣಲ್ಲ. ಎಂದೂ ಕಂಡಿಲ್ಲ."

"ಇಷ್ಟೇನಾ?" ಎಂದು ಬಹಳ ಹೊತ್ತು ನೋಡಿದಳು. "ಮತ್ತೆ ದಿನಾ ಹ್ಞೂಂ ಹ್ಞೂಂ ಅಂತ ಏನು ನೋಡ್ತಿದ್ರಿ? ಅಯ್ಯೋ ಶಿವನೇ, ಇಷ್ಟು ವರ್ಷ ಸುಮ್ನೆ ಬಾಯಿ ಕಟ್ಕೊಂಡೆನಲ್ಲ!"

"ಶಿವನ ಹೆಸ್ರು ಸುಮ್ನೆ ಹೋಗಲ್ಲ ಬಿಡು" ಎನ್ನುತ್ತ ಮತ್ತೆ ಆನ್ ಮಾಡಿದೆ. ಅವಳು ನಕ್ಕಳು. ಎಷ್ಟೋ ವರ್ಷಕ್ಕೆ ಕೇಳಿದ ಆ ನಗುವಿಗೆ, ಆಸ್ಪತ್ರೆ ಎಂಬುದನ್ನೂ ಮರೆತು, ನಾನು ಅತ್ತುಬಿಟ್ಟೆ.

ಆಮೇಲೆ ನಮಗೆ ಸಿಕ್ಕದ್ದು ಆ ಚಳಿಗಾಲದವರೆಗಿನ ಕಾಲ ಮಾತ್ರ. ಅವಳ ಬಾಯಿ ಕಟ್ಟೆ ಒಡೆದ ಹಾಗಾಯಿತು. ದನಿ ಸಣ್ಣದಾಗಿದ್ದದ್ದು ನಿಜ, ಡಾಕ್ಟರು ಸುಳ್ಳು ಹೇಳಿರಲಿಲ್ಲ. ಆದರೆ ಸಣ್ಣ ದನಿಯಲ್ಲೂ ಬೈಯಬಹುದಲ್ಲ. ದೇವರು ಹರಕೆ ಕೇಳದಿದ್ದರೆ ಎಂಬ ಲೆಕ್ಕದಲ್ಲಿ ನನ್ನನ್ನು ಅಡುಗೆಮನೆಗೆ ಎಳೆದಳು. ಅವಳು ಸ್ಟೂಲಿನ ಮೇಲೆ, ನಾನು ಒಲೆಯ ಮುಂದೆ. "ಉಪ್ಪಿನ ಡಬ್ಬಿ ಮ್ಯಾಲಿನ ಹಲಗೀ ಮ್ಯಾಗಲ್ಲ, ಒಲಿ ಎಡಕ್ಕೆ, ಎಣ್ಣಿ ಡಬ್ಬಿ ಹಿಂದ" ಎಂದು ಎಷ್ಟು ಸಲ ಹೇಳಿಸಿಕೊಂಡೆನೋ. ನನ್ನ ರೊಟ್ಟಿಗೆ ಒಂದು ದಿನ ನಂದಿಗುಡಿಯ ಅಂಕುಡೊಂಕು ಹಾದಿಯ ಆಕಾರ, ಇನ್ನೊಂದು ದಿನ ಯಾವ ಆಕಾರವೂ ಇಲ್ಲ. "ಮೋಟ್ರು ರಿಪೇರಿ ಮಾಡೋ ಕೈ ಇದು, ಹಿಟ್ಟಿನ ದನಿ ಕೇಳಲ್ಲೇನು?" ಎಂದು ಅಣಕಿಸುತ್ತಿದ್ದಳು. ನಾನು ಅಂಗಡಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಅಷ್ಟು ಸುಖವಾಗಿ ನಾನು ಬೈಸಿಕೊಂಡದ್ದಿಲ್ಲ.

ಚಳಿ ಹೆಚ್ಚಾದಾಗ ಕೆಮ್ಮು ಮರಳಿ ಬಂದು ಶ್ವಾಸಕೋಶಕ್ಕೆ ಇಳಿಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ, ಮಗಳು ನೀರು ಕುಡಿಸುತ್ತಿದ್ದಾಗ, ಅವಳು ಹೋದಳು.

ಹರಿಹರದ ಮನೆಗೆ ತಂದು ಗೋಡೆಗೆ ಒರಗಿಸಿ ಕೂರಿಸಿದೆವು. ಓಣಿಯ ಹೆಂಗಸರು ಹಸಿರು ಬಳೆ ತೊಡಿಸಿದರು, ಹಣೆಯ ತುಂಬ ಕುಂಕುಮ ಇಟ್ಟರು, ಮಲ್ಲಿಗೆ ಮುಡಿಸಿ ಉಡಿ ತುಂಬಿದರು. "ಪುಣ್ಯವಂತೆ, ಗಂಡನ ಮುಂದೆ ಮುತ್ತೈದೆಯಾಗಿ ಹೋದ್ಲು. ಬೇಡಿದ್ರೂ ಇಂಥ ಸಾವು ಸಿಗಲ್ಲ" ಎಂದು ಬಂದವರೆಲ್ಲ ಹೇಳಿದರು. ಮಗಳೂ ತಲೆ ಆಡಿಸಿದಳು. ಅವಳು ಬೇಡಿದ್ದು ಇದನ್ನಲ್ಲ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಅವಳು ಅಷ್ಟು ಜೋಪಾನ ಮಾಡಿದ ಗುಟ್ಟನ್ನು ಅಂಗಳದಲ್ಲಿ ಹರವಲು ನಾನ್ಯಾರು?

ಸುಡುವವರಾದರೆ ಎದೆಯ ಬ್ಯಾಟರಿ ತೆಗೆಸಬೇಕು, ಮಣ್ಣು ಮಾಡುವವರಿಗೆ ಅದರ ಚಿಂತೆಯಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು; ಸಂಜೆ ಅವಳನ್ನು ಕುಣಿಗೆ ಇಳಿಸಿ ಕೂರಿಸಿದರು. ಅಯ್ಯನವರು ವಿಭೂತಿ, ಬಿಲ್ವಪತ್ರೆ ಇಡುತ್ತಿದ್ದರು. ಎಲ್ಲ ನಿಂತ ಆ ಮೈಯೊಳಗೆ ಆ ಬ್ಯಾಟರಿಯೊಂದು ಮಾತ್ರ ಇನ್ನೂ ಓಡುತ್ತಿದೆ ಎಂಬುದು ನನಗೆ ಥಟ್ಟನೆ ನೆನಪಾಯಿತು. "ಸ್ವಲ್ಪ ತಡೀರಿ ಅಯ್ಯನವರೇ" ಎಂದು ಕುಣಿಗೆ ಇಳಿದೆ. ಜೇಬಿನಿಂದ ರಿಮೋಟ್ ತೆಗೆದು ಮಲ್ಲಿಗೆ ಸರಿಸಿ ಅವಳ ಎದೆಗೆ ಆನಿಸಿದೆ. ಬ್ಯಾಟರಿ ಇನ್ನೂ ಬೇಕಾದಷ್ಟಿತ್ತು. ಗುಂಡಿ ಒತ್ತಿದೆ. ಮೇಲೆ ನಿಂತವರು ಮುದುಕನಿಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು, ಯಾರೋ ನನ್ನ ತೋಳು ಹಿಡಿದು ಎಬ್ಬಿಸಲು ಬಂದರು. ಅಷ್ಟರಲ್ಲಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

"ಪೂರ್ತಿ ಆಫ್ ಐತೆ. ಒಲಿ ಎಡಕ್ಕೆ, ಎಣ್ಣಿ ಡಬ್ಬಿ ಹಿಂದ."