ಖಾಲಿ ಬಟ್ಟಲು ವಾಪಸ್ ಕಳಿಸದವನು

ರಾಜಾಜಿನಗರದ ವಾಚನಾಲಯದ ಬೋರ್ಡಿನ ಮುಂದೆ ನಿಂತು ಇದನ್ನು ಓದುತ್ತಿರುವ ಗೆಳೆಯರೇ, ಇವತ್ತು ನಮ್ಮ ಆಫೀಸಿನ ಕಂಪ್ಯೂಟರ್ ಕಲ್ಲಿನಂತೆ ಕೂತುಬಿಟ್ಟಿತು. ತಪ್ಪು ನನ್ನದೇ.

ಅದರೊಳಗೆ ಎರಡು ಪ್ರೋಗ್ರಾಂಗಳು. ಒಂದು ತೂತು ಹೊಡೆದ ಕಾರ್ಡುಗಳನ್ನು ಓದುತ್ತದೆ. ಇನ್ನೊಂದು, ನಾನು ಬರೆದದ್ದು, ಅಚ್ಚು ಹಾಕುತ್ತದೆ. ಒಂದರ ಮನೆಯೊಳಗೆ ಇನ್ನೊಂದು ಇಣುಕುವಂತಿಲ್ಲ. ಓದಿದ್ದನ್ನು ಮೊದಲನೆಯದು ನಾವು ಬಟ್ಟಲು ಎನ್ನುವ ಪುಟ್ಟ ಜಾಗಕ್ಕೆ ತುಂಬಿದರೆ, ಆಪರೇಟಿಂಗ್ ಸಿಸ್ಟಮ್ ಅದನ್ನು ಎರಡನೆಯದಕ್ಕೆ ಮುಟ್ಟಿಸುತ್ತದೆ. ಅಲ್ಲಿಯವರೆಗೆ ಎರಡನೆಯದಕ್ಕೆ ಸುಖನಿದ್ದೆ. ಇರುವುದು ಎಂಟೇ ಬಟ್ಟಲು. ಎಂಟೂ ನನ್ನ ಪ್ರೋಗ್ರಾಂ ಬಳಿಯೇ ಉಳಿದಿದ್ದವು; ತುಂಬಲು ಬಟ್ಟಲಿಲ್ಲದೆ ಮೊದಲನೆಯದೂ ನಿಂತುಬಿಟ್ಟಿತ್ತು.

ಹಿರಿಯರಾದ ಶಾರದಾ ಮೇಡಂ ಕೇಳಿದರು: "ಅಚ್ಚು ಹಾಕಿದ್ಮೇಲೆ ಬಟ್ಟಲು ಯಾಕ್ರೀ ವಾಪಸ್ ಕಳ್ಸಿಲ್ಲ?"

"ಅದ್ರಲ್ಲಿ ತುಂಬಿ ಕಳ್ಸೋಕೆ ಏನೂ ಇರ್ಲಿಲ್ಲ ಮೇಡಂ. ಖಾಲಿ ಹೆಂಗೆ ಕಳ್ಸೋದು?"

"ರೀ, ಇದು ನಿಮ್ ಪಕ್ಕದ್ಮನೆ ಅಲ್ಲ! ಖಾಲೀನೇ ಕಳ್ಸಿ!"

ಪ್ರೋಗ್ರಾಂಗೆ ಒಂದು ಸಾಲು ಸೇರಿಸಿದೆ. ಪ್ರಿಂಟರ್ ಭೋರ್ಗರೆಯಿತು. ಒಂದರ ಮುಖ ಒಂದು ಕಾಣದ ಆ ಎರಡೂ ಪ್ರೋಗ್ರಾಂಗಳು ಎಡೆಬಿಡದೆ ಮಾತಾಡಿಕೊಂಡವು. ಕೈಮುಗಿಯಬೇಕೆನಿಸಿತು ನನಗೆ. ಆಫೀಸಿನವರೆಲ್ಲರ ಮುಂದೆ ನಾಚಿಕೆಯಾಗಿ, ಅಚ್ಚಾಗಿ ಬರುತ್ತಿದ್ದ ಹಾಳೆಗಳನ್ನು ಮಡಚತೊಡಗಿದೆ.

ಸಂಜೆ ಮನೆಗೆ ಬಂದರೆ ಪಾಯಸ ಬಡಿಸಲು ಒಂದೂ ಬಟ್ಟಲಿಲ್ಲ. ತಿಂಡಿ ತುಂಬಿ ಕಳಿಸಿದ್ದ ಎಲ್ಲವೂ ಎದುರುಮನೆ ಲಲಿತಮ್ಮನವರಲ್ಲಿ. ಕೇಳಲು ಹೋದೆ.

"ಏನಾದ್ರೂ ಮಾಡ್ದಾಗ ತುಂಬಿಸಿ ಕೊಡ್ತೀನಪ್ಪ. ಖಾಲಿ ಕೊಡೋಕಾಗುತ್ತಾ?" ಎಂದರು.

ಪಾಯಸವನ್ನು ಲೋಟದಲ್ಲಿ ಕುಡಿದೆವು. ಉಳಿದಿದ್ದ ಕೊನೆಯ ಲೋಟದಲ್ಲಿ ಅವರಿಗೂ ಕಳಿಸಿದೆವು.