ಹಿಟ್ಟು ನಾದುವಾಗ ಹೇಳುವ ಹೆಸರು

ಯುದ್ಧ ನಡೆದಿದ್ದ ವರ್ಷಗಳು. ಪೇಟೆಯಲ್ಲಿ ಗೋಧಿ ಸುಲಭವಾಗಿ ಸಿಗುತ್ತಿರಲಿಲ್ಲ. ಆದರೂ ವಿಜಾಪುರದ ನಮ್ಮ ಚಿಕ್ಕ ಕ್ರೈಸ್ತ ದೇವಾಲಯದಲ್ಲಿ ಪ್ರಭುಭೋಜನಕ್ಕೆ ಸಭೆಯವರೆಲ್ಲ ಹಂಚಿಕೊಂಡು ತಿನ್ನುವ ಗೋಧಿ ರೊಟ್ಟಿ ಎಂದೂ ತಪ್ಪಲಿಲ್ಲ. ಅದನ್ನು ಮಾಡುತ್ತಿದ್ದವರು ನನ್ನ ಅತ್ತೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಒಂದೇ ದೊಡ್ಡ ರೊಟ್ಟಿ. ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಹಿಂದೆ ಬಂದು ಕೂಡುತ್ತಿದ್ದರು. ಯಾರು ಮಾಡಿದ್ದೆಂದು ಯಾರೂ ಕೇಳುತ್ತಿರಲಿಲ್ಲ.

ಅತ್ತೆಯ ಕೈ ನಡುಗತೊಡಗಿದಾಗ ಆ ಕೆಲಸ ನನಗೇ ಬರುತ್ತದೆಂದು ನಂಬಿದ್ದೆ. ನಾನು ತಿಕೋಟಾದವಳು, ನಾನು ಬಡಿದ ಜೋಳದ ರೊಟ್ಟಿ ಹಾಳೆಯಷ್ಟು ತೆಳ್ಳಗೆ. ನನ್ನ ಗಂಡನ ಅಣ್ಣನ ಹೆಂಡತಿ, ಬಬಲೇಶ್ವರದಿಂದ ಬಂದ ಹಿರಿಯ ನೆಗೆಣ್ಣಿಯದು ದಪ್ಪ, ಅಂಚು ಒಡೆದದ್ದು. ಊಟಕ್ಕೆ ಕೂತ ಮೈದುನ ಆಕೆಯನ್ನು ಕೆಣಕುತ್ತಿದ್ದ.

"ವೈನಿ, ಇದು ತಿನ್ನಾಕೋ, ಗ್ವಾಡಿ ಕಟ್ಟಾಕೋ?"

"ತಿನ್ನಪಾ, ಹಲ್ಲು ಗಟ್ಟಿ ಆಗತಾವ," ಎಂದು ಆಕೆಯೇ ಮೊದಲು ನಗುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಹೇಳಿದರು: "ಇನ್ಮ್ಯಾಲೆ ದೇವಾಲಯದ ರೊಟ್ಟಿ ಹಿರೇಕಿ ಮಾಡ್ಲಿ."

"ನಾ ಛಲೋ ಮಾಡ್ತೀನಲ್ರಿ ಅತ್ತಿ?"

"ಮಾಡ್ತಿ ಯವ್ವಾ. ಆಕಿ ಮಾಡ್ಲಿ."

ಕಾರಣ ಹೇಳಲಿಲ್ಲ. ಸಭಾಪಾಲಕರು ಆ ದಪ್ಪ ರೊಟ್ಟಿಯನ್ನು ಮುರಿಯಲು ಕಷ್ಟಪಡುವುದನ್ನು ನೋಡಿದರೆ ನನಗೆ ಸಮಾಧಾನವಾಗುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಆ ಸಮಾಧಾನವೂ ಉಳಿಯುತ್ತಿರಲಿಲ್ಲ.

ಮರುವರ್ಷ ಅತ್ತೆ ತೀರಿಕೊಂಡರು. ಅದಾದ ಮೇಲಿನ ಮೊದಲ ಪ್ರಭುಭೋಜನದ ಬೆಳಿಗ್ಗೆ ನಲ್ಲಿಗೆ ಭೂತನಾಳ ಕೆರೆಯ ನೀರು ಬೇಗ ಬಂತು. ಕೊಡ ತುಂಬಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಾಗ ನೆಗೆಣ್ಣಿ ನನಗೆ ಬೆನ್ನುಮಾಡಿ ಹಿಟ್ಟು ನಾದುತ್ತಿದ್ದಳು. ಪ್ರತಿ ಸಲ ಹಿಟ್ಟು ಒತ್ತುವಾಗಲೂ ಒಂದು ಹೆಸರು. ಸ್ಟೇಷನ್ ರಸ್ತೆಯ ದರ್ಜಿ. ಕಣ್ಣು ಕಾಣದ ಮುದುಕಿ. ಊರು ಬಿಟ್ಟು ಬಿಜ್ಜರಗಿಗೆ ಹೋದ ಮೇಲೆ ನಾವೆಲ್ಲ ಮರೆತುಬಿಟ್ಟ ಒಂದು ಮನೆಯವರು, ಒಬ್ಬೊಬ್ಬರಾಗಿ. ಆಮೇಲೆ ನನ್ನ ಹೆಸರು. ಅಲ್ಲಿ ಆಕೆಯ ಕೈ ತುಸು ಹೊತ್ತು ನಿಂತಿತು. ಮತ್ತೆ ನಾದಿತು.

"ಅಕ್ಕಾ, ಇದನ್ನ ಯಾರು ಕಲಿಸಿದ್ರು?"

ಆಕೆ ಬೆಚ್ಚಿ ತಿರುಗಿದಳು. "ಅತ್ತಿ. ರೊಟ್ಟಿ ತಿನ್ನೋರು, ಊರು ಬಿಟ್ಟು ಹೋದೋರು, ಎಲ್ಲಾರ ಹೆಸರೂ ಹಿಟ್ಟಿನ ಮ್ಯಾಲೆ ಹೇಳಬೇಕಂತ. ನಾ ಮದಿವಿಯಾಗಿ ಬಂದಾಗಿಂದ ಅವರ ಜೋಡಿ ಕುಂತು ಹೇಳ್ತಿದ್ನಿ. ನೀ ನೀರಿಗೆ ಹೋಗಿರತಿದ್ದಿ."

"ನಿನ್ನ ಹೆಸರು ಬರಲೇ ಇಲ್ಲಲ್ಲ?"

"ನಂದು ಅತ್ತಿ ಹೇಳತಿದ್ರು."

ಅಷ್ಟು ಹೇಳಿ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. ಕೊಡ ಇನ್ನೂ ನನ್ನ ಸೊಂಟದ ಮೇಲಿತ್ತು. ಅದನ್ನು ಇಳಿಸಿಟ್ಟೆ. ಆ ಗಳಿಗೆಯಲ್ಲೂ ನನಗನಿಸಿದ್ದು ಇದು: ಅತ್ತೆಯ ಪಕ್ಕದಲ್ಲಿ ಅಷ್ಟು ವರ್ಷ ಕೂತವಳು ಆಕೆ, ನಾನಲ್ಲ.

ಅಂದು ಮಧ್ಯಾಹ್ನ ಜೋಳದ ಹಿಟ್ಟು ನಾದಲು ಕೂತೆ. ಹೊಟ್ಟೆಕಿಚ್ಚು ಆರಿರಲಿಲ್ಲ. ಅದು ಇದ್ದ ಹಾಗೆಯೇ, ತುಟಿ ಮಾತ್ರ ಅಲುಗುವಂತೆ, ಆಕೆಯ ಹೆಸರು ಹೇಳಿದೆ. ಹಿಂದೆ ಬಾಗಿಲಲ್ಲಿ ಆಕೆ ನಿಂತಿದ್ದಳೋ ಏನೋ, ನಾನು ತಿರುಗಿ ನೋಡಲಿಲ್ಲ. ಮತ್ತೊಮ್ಮೆ ಹೇಳಿ, ಹಿಟ್ಟು ಒತ್ತಿದೆ.