ತೊಗರಿ ಹೊಲದ ತಿರುವು

ಹೋದ ತಿಂಗಳು ಒಂದು ಸಂಜೆ, ಬಜಾರಿನ ಮೂಲೆಯಲ್ಲಿ ಒಬ್ಬಾಕೆ ಹಸಿ ತೊಗರಿಕಾಯಿ ಕುದಿಸಿ ಮಾರುತ್ತಿದ್ದಳು. ಆ ಹಬೆ ಮೂಗಿಗೆ ಬಡಿದದ್ದೇ ತಡ, ಹದಿನಾಲ್ಕು ವರ್ಷದ ನಾನು ತೊಗರಿ ಸಾಲಿನೊಳಗೆ ಮೊಣಕಾಲು ಅಪ್ಪಿ ಕೂತದ್ದು, ದೂರದಲ್ಲಿ ಮಾಸ್ತರು ನನ್ನ ಹೆಸರು ಹಿಡಿದು ಕೂಗುತ್ತಿದ್ದದ್ದು, ಎಲ್ಲ ನೆನಪಾಯಿತು...

ಮಾಸ್ತರು ರಾಜ್ಯ ಒಂದಾದ ವರ್ಷ ಬಸವಕಲ್ಯಾಣಕ್ಕೆ ಡ್ರಿಲ್ ಮಾಸ್ತರಾಗಿ ಬಂದವರು. ಹುಡುಗರ ಗುಡ್ಡಗಾಡು ಓಟದ ತಂಡ ಕಟ್ಟಿ ಹೆಸರು ಮಾಡಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಹುಡುಗಿಯರನ್ನೂ ಓಡಿಸುತ್ತೇನೆಂದು ಹಟ ಹಿಡಿದರು. ನನಗಾಗಿ ನಮ್ಮ ಮನೆಗೇ ಬಂದು ಕೂತರು.

"ಹೆಣ್ಣುಡುಗಿ ಹೊಲದಾಗ ಓಡಿದ್ರ ಮಂದಿ ಏನಂತಾರ್ರಿ?" ಅಂದ ಅಪ್ಪ.

"ಮಂದಿಗಿ ನಾ ಹೇಳ್ತೀನ್ರಿ. ಅಕಿ ಜವಾಬ್ದಾರಿ ನಂದು."

ಅಪ್ಪ ಕೊನೆಗೆ ಹೂಂ ಅಂದ.

ತಾಲೂಕು ಆಯ್ಕೆಯ ಓಟದ ದಿನ ನಸುಕಿನಲ್ಲೇ ಮಾಸ್ತರು ಹೊಲಗಳ ನಡುವಿನ ದಾರಿಗೆಲ್ಲ ಸುಣ್ಣ ಚೆಲ್ಲಿ ಬಂದಿದ್ದರು. ಮೊಣಕೈವರೆಗೆ ಬೆಳ್ಳಗಾಗಿದ್ದರು. ನಾನು ಓಟಕ್ಕೆಂದೇ ಹೊಲಿಸಿದ ಬಿಳಿ ಸಲ್ವಾರ್ ಹಾಕಿದ್ದೆ. ಅರ್ಧ ದಾರಿಗೆ ನಾನೇ ಮುಂದಿದ್ದೆ, ಹಿಂದಿನವರ ಹೆಜ್ಜೆ ಸಪ್ಪಳವೂ ಕೇಳುತ್ತಿರಲಿಲ್ಲ. ತೊಗರಿ ಹೊಲದ ತಿರುವಿನಲ್ಲಿ ತೊಡೆಗೆ ಏನೋ ಹಸಿ ತಾಗಿದಂತಾಗಿ ಬಗ್ಗಿ ನೋಡಿದೆ. ತಿಂಗಳ ದಿನಕ್ಕೆ ಇನ್ನೂ ಒಂದು ವಾರವಿತ್ತು. ಸಲ್ವಾರ್ ಕೆಂಪಾಗಿತ್ತು.

ಓಟ ಮುಗಿಯುವ ಕಡೆ ಊರಿಗೆ ಊರೇ ನಿಂತಿತ್ತು. ನಾನು ಸುಣ್ಣದ ಗೆರೆ ಬಿಟ್ಟು ತೊಗರಿಯೊಳಗೆ ನುಗ್ಗಿ ಕೂತೆ.

ಉಳಿದ ಹುಡುಗಿಯರು ಪಕ್ಕದಲ್ಲೇ ಹಾದುಹೋದರು. ಆಮೇಲೆ ಏನೂ ಇಲ್ಲ. ಬಿಸಿಲು ಏರಿತು. ಮಾಸ್ತರ ಸೀಟಿ ಕೇಳಿಸಿತು, ನಂತರ ಅವರ ದನಿ. ಮೊದಲ ಸಲ ಕೂಗಿದಾಗ ಸಿಟ್ಟಿತ್ತು. ಎರಡನೆಯ ಸಲ ಬಂದಾಗ ಆ ದನಿ ನಡುಗುತ್ತಿತ್ತು. ಬಾವಿಗಳಿರುವ ಹೊಲ ಅದು... ಎದ್ದು ನಿಲ್ಲಬೇಕೆನಿಸಿತು, ಸಲ್ವಾರ್ ನೋಡಿಕೊಂಡು ಮತ್ತೆ ಕೂತೆ. ಮಂದಿ ಜೋರಾಗಿ ಮಾತಾಡುತ್ತ ಬಾವಿ ಕಡೆ ಓಡಿದ್ದು ಕೇಳಿಸಿತು. ಅದರಲ್ಲಿ ಅಪ್ಪನ ಅಳುವೂ ಇತ್ತು.

ನನ್ನನ್ನು ಕಂಡದ್ದು ಕಾಯಿ ಬಿಡಿಸಲು ಬಂದ ಒಬ್ಬ ಮುದುಕಿ. ಏನೂ ಕೇಳಲಿಲ್ಲ. ತಲೆಗೆ ಸುತ್ತಿದ್ದ ಹಳೇ ಸೀರೆಯ ತುಂಡು ಬಿಚ್ಚಿ ನನ್ನ ನಡುವಿಗೆ ಕಟ್ಟಿ, "ನಡಿ ಯವ್ವಾ, ಹೆದರಬ್ಯಾಡ" ಅಂದಳು.

ಮೈದಾನದಲ್ಲಿ ಅಪ್ಪ ನನ್ನ ರಟ್ಟೆ ಹಿಡಿದ. "ಎಲ್ಲಿದ್ದಿ? ಇಷ್ಟೊತ್ತು ಯಾರ ಸಂಗಾಟ ಇದ್ದಿ?" ಸುತ್ತಲಿನವರು ಆ ಪ್ರಶ್ನೆಗೇ ಕಾಯುತ್ತಿದ್ದರು. ನಾನು ಸೀರೆಯ ತುಂಡನ್ನು ಬಿಗಿಯಾಗಿ ಹಿಡಿದುಕೊಂಡೆ. ಮಾಸ್ತರು ನನ್ನ ನಡುವಿನ ಅರಿವೆ ನೋಡಿದರು, ಮುದುಕಿಯ ಮುಖ ನೋಡಿದರು. ಅಪ್ಪನ ಮತ್ತು ನನ್ನ ನಡುವೆ ಬಂದು ನಿಂತರು.

"ತಪ್ಪು ನಂದೈತ್ರಿ. ತಿರುವಿನ್ಯಾಗ ಸುಣ್ಣ ಹಾಕೂದು ಮರ್ತೀನಿ. ಹುಡುಗಿ ದಾರಿ ತಪ್ಪ್ಯಾಳ."

ಅಪ್ಪ ಅವರ ಕೊರಳಪಟ್ಟಿಗೆ ಕೈ ಹಾಕಿದ. "ಜವಾಬ್ದಾರಿ ನಂದು ಅಂದಿದ್ದಿ!" ಅಂಗಿಯ ಗುಂಡಿ ಕಿತ್ತು ಬಿತ್ತು. ಮಾಸ್ತರು ಕೈ ಬಿಡಿಸಿಕೊಳ್ಳಲಿಲ್ಲ. "ಹೌದ್ರಿ, ಅಂದಿದ್ದೆ" ಎಂದಷ್ಟೇ ಹೇಳಿದರು.

ಆ ತಿರುವಿನಲ್ಲಿ ಸುಣ್ಣವಿತ್ತು. ನಾನು ಅದನ್ನು ದಾಟಿಯೇ ಒಳಗೆ ಹೋದವಳು.

ರಾತ್ರಿ ಅವ್ವನಿಗೆ ಎಲ್ಲ ಹೇಳಿದೆ. "ಗಂಡಸರ ಮುಂದ ಹೇಳೂ ಮಾತಲ್ಲ ಅದು. ಸುಮ್ನಿರು" ಅಂದಳು. ನಾನು ಸುಮ್ಮನಿದ್ದೆ. ದೂರು ಹೋಯಿತು, ಹುಡುಗಿಯರ ಓಟ ನಿಂತಿತು, ಮಾಸ್ತರಿಗೆ ಹುಮನಾಬಾದಿಗೆ ವರ್ಗವಾಯಿತು. ಅಲ್ಲಿ ಮತ್ತೆ ಹುಡುಗರನ್ನು ಓಡಿಸಿದರು, ನಿವೃತ್ತಿಯವರೆಗೂ. ಹುಡುಗಿಯರ ತಂಡ ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ ಎಂದು ಆಮೇಲೆ ಕೇಳಿದೆ. ಮದುವೆಯಾದ ಮೇಲೆ ಒಮ್ಮೆ, ಹುಮನಾಬಾದ ದಾಟುವ ಬಸ್ಸಿನಲ್ಲಿ ಕೂತಿದ್ದಾಗ, ರೋಡಿನ ಬದಿ ಹುಡುಗರ ಹಿಂದೆ ಸೈಕಲ್ ತುಳಿಯುತ್ತಿದ್ದ ಅವರನ್ನು ಕಂಡೆ. ತಲೆಗೂದಲು ಅರ್ಧ ನರೆತಿತ್ತು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ...

ತೊಗರಿಕಾಯಿಯ ಆ ಸಂಜೆಯ ನಂತರ ನಿದ್ದೆ ಸರಿಯಾಗಿ ಬರಲಿಲ್ಲ. ಹೋದ ವಾರ ವಿಳಾಸ ಕೇಳುತ್ತ ಹುಮನಾಬಾದಿಗೆ ಹೋದೆ. ಮಾಸ್ತರು ತೀರಿಕೊಂಡು ವರ್ಷಗಳೇ ಆಗಿದ್ದವು. ಅವರ ಹೆಂಡತಿ ಬಾಗಿಲಲ್ಲೇ ಕೂತಿದ್ದರು. ಅಂದು ಓಟ ಬಿಟ್ಟುಹೋದ ಹುಡುಗಿ ನಾನೇ ಎಂದೆ.

"ಅಮ್ಮಾ, ಅವ್ರು ಮರ್ತಿರಲಿಲ್ರಿ. ಸುಣ್ಣ ಹಾಕಿದ್ರು."

ಕಾರಣವನ್ನೂ ಹೇಳಿದೆ. ಅವರು ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿದರು.

"ನನಗೂ ಮರ್ತೀನಿ ಅಂತನ ಹೇಳಿದ್ರವ್ವಾ. ಆವತ್ತಿಂದ ಸಂತಿಗಿ ಕಳಿಸೂವಾಗೂ ಚೀಟಿ ಬರದು ಕೊಡ್ತಿದ್ದೆ. ನಿಮ್ಮ ನೆನಪಿನ ಮ್ಯಾಲ ನಂಬಿಕಿಲ್ಲ ಅಂತಿದ್ದೆ. ನಕ್ಕೋತ ಇಸ್ಕೋತಿದ್ರು."

ಸೆರಗಿನಿಂದ ಕಣ್ಣೊರೆಸಿಕೊಂಡು, ಬೈಯದೆ, ಮೆಲ್ಲಗೆ ಕೇಳಿದರು: "ಅವರಿದ್ದಾಗ ಯಾಕ ಬರಲಿಲ್ಲ ನೀ?"